ದುಡಿಗೊಂದು ಜಗಲಿ

ಠಾಣೆಯ ವಾಗ್ಳೆ ಎಸ್ಟೇಟಿನ ರಸ್ತೆಗಳನ್ನು ಜನ ನಂಬರಿನಿಂದಲೇ ಗುರುತಿಸುತ್ತಾರೆ. ಪಾಸ್‌ಪೋರ್ಟ್ ಮಾಡಿಸಲು ದೂರದಿಂದ ಬಂದವರು ಮುಲುಂಡ್ ಚೆಕ್‌ನಾಕಾದಲ್ಲಿ ಇಳಿದು ‘ರೋಡ್ ನಂಬರ್ 16 ಎಲ್ಲಿ?’ ಎಂದು ಕೇಳುತ್ತಾರೆ. ರಿಕ್ಷಾದವರಿಗೆ ‘22 ನಂಬರ್ ಸರ್ಕಲ್’ ಎಂದರೆ ಸಾಕು, ಮುಂದಿನ ಮಾತು ಬೇಡ. 1962ರಲ್ಲಿ ಹುಟ್ಟಿದ ಮಹಾರಾಷ್ಟ್ರದ ಕೈಗಾರಿಕಾ ಅಭಿವೃದ್ಧಿ ನಿಗಮ (ಎಂ.ಐ.ಡಿ.ಸಿ.) ಮೊದಲು ಕೈಹಾಕಿದ ಕೈಗಾರಿಕಾ ಪ್ರದೇಶ ಇದು. ಲೇತು, ಪವರ್ ಪ್ರೆಸ್ಸು, ಪ್ಲೇಟಿಂಗಿನ ತೊಟ್ಟಿ, ಔಷಧಿ, ಬಿಸ್ಕತ್ತು, ಎಲ್ಲವೂ ಇಲ್ಲಿ ತಯಾರಾದವು. ಅವುಗಳ ಬೆನ್ನಿಗೆ ಕಿಸನ್ ನಗರ, ಶ್ರೀನಗರ, ಇಂದಿರಾ ನಗರಗಳು ಬೆಳೆದವು. ಅವುಗಳ ನಡುನಡುವೆ ಉಡುಪಿ, ಕುಂದಾಪುರದವರ ಹೋಟೆಲುಗಳು ಎದ್ದವು. ಈಗ ಹಳೆಯ ಶೆಡ್ಡುಗಳು ಉರುಳಿ ಗಾಜಿನ ಕಟ್ಟಡಗಳು ಬರುತ್ತಿವೆ. ಕೊರಳಿಗೆ ಗುರುತಿನ ಚೀಟಿ ತೂಗಿಕೊಂಡ ಹುಡುಗ ಹುಡುಗಿಯರು ಟಪರಿಯ ಮುಂದೆ ಚಹಾ ಕುಡಿಯುತ್ತ ನಿಲ್ಲುತ್ತಾರೆ. ಆದರೂ ಒಳಗಲ್ಲಿಗೆ ಹೊಕ್ಕರೆ ಪ್ರೆಸ್ಸಿನ ಏಟು ಇನ್ನೂ ಕೇಳುತ್ತದೆ. ಒಂದು ಭಾರವಾದ ಏಟು, ಸ್ವಲ್ಪ ಬಿಡುವು, ಮತ್ತೊಂದು ಏಟು.

ಮದುವೆಯಾಗಿ ಕಿಸನ್ ನಗರದ ಮನೆಗೆ ಬಂದ ಹೊಸದರಲ್ಲಿ ಆ ಏಟನ್ನು ಎಣಿಸುವುದು ನನಗೆ ಅಭ್ಯಾಸವಾಗಿತ್ತು. ಬೆಳಗಿನ ಪಾಳಿಯ ಭೋಂಗಾ ಕೂಗಿತೆಂದರೆ ಹಾಲು ಒಲೆಯ ಮೇಲೆ ಇರಬೇಕು. ಮಧ್ಯಾಹ್ನದ ಭೋಂಗಾ ನನ್ನ ಓದಿನ ಹೊತ್ತು. ಆ ಹೊತ್ತಿನಲ್ಲಿ ನಾನು ಶಿವರಾಮ ಕಾರಂತರನ್ನು ಓದಿದೆ, ಒಂದಾದ ಮೇಲೊಂದು, ಸಿಕ್ಕ ಕ್ರಮದಲ್ಲಿ. ಹೊರಗಿನ ಸದ್ದು ಅಷ್ಟು ಗಟ್ಟಿಯಾಗಿದ್ದುದರಿಂದಲೋ ಏನೋ, ಪುಸ್ತಕದ ಒಳಗಿನ ಸದ್ದುಗಳಿಗೆ ನನ್ನ ಕಿವಿ ತೆರೆಯಿತು. ಕಾರಂತರನ್ನು ವಿಚಾರವಾದಿ, ನಿಷ್ಠುರ ವಾಸ್ತವವಾದಿ, ಪರಿಸರದ ಹೋರಾಟಗಾರ ಎಂದೆಲ್ಲ ಬಣ್ಣಿಸಿದ ಲೇಖನಗಳನ್ನು ಆಮೇಲೆ ಓದಿದ್ದೇನೆ. ನನಗೆ ಮೊದಲು ಸಿಕ್ಕವರು ಕಿವಿಯ ಕಾರಂತರು. ಅವರನ್ನು ಇವತ್ತಿಗೂ ಹಾಗೆಯೇ ಓದುತ್ತೇನೆ.

1933ರಲ್ಲಿ ಬಂದ ‘ಚೋಮನ ದುಡಿ’ಯನ್ನೇ ನೋಡಿ. ಆ ಪುಟ್ಟ ಕಾದಂಬರಿಯ ಹೆಸರಿನಲ್ಲಿಯೇ ಒಂದು ವಾದ್ಯವಿದೆ. ಚೋಮ ಸಂಕಪ್ಪಯ್ಯನ ಒಕ್ಕಲಿನಲ್ಲಿ ಜೀತಕ್ಕೆ ದುಡಿಯುವವನು. ಅವನ ಬಳಿ ಎರಡು ಎತ್ತುಗಳಿವೆ, ಉಳುವ ಆಸೆಯಿದೆ, ಉಳಲು ಭೂಮಿಯಿಲ್ಲ. ಅವನ ಜಾತಿಯವರಿಗೆ ಬೇಸಾಯಕ್ಕೆ ನೆಲ ಕೊಡುವ ಪದ್ಧತಿಯೇ ಇಲ್ಲ. ತೋಟದ ಸಾಲ, ಮಕ್ಕಳ ಸಾವು, ಮಗಳು ಬೆಳ್ಳಿಗೆ ಬಂದ ಗತಿ, ಮತ ಬದಲಿಸಿದರೆ ನೆಲ ಸಿಕ್ಕೀತೆಂಬ ತೊಳಲಾಟ, ಇವೆಲ್ಲ ಅವನ ಮೇಲೆ ಒಂದೊಂದಾಗಿ ಬಂದು ಬೀಳುತ್ತವೆ. ಚೋಮ ಮಾತಿನವನಲ್ಲ. ಅವನಿಗೆ ಹೇಳಲು ಬಾರದ್ದನ್ನೆಲ್ಲ ದುಡಿ ಹೇಳುತ್ತದೆ. ಸಂತೋಷವಾದರೂ ಅದೇ, ಸಿಟ್ಟು ಬಂದರೂ ಅದೇ, ಹೆಂಡದ ಅಮಲಿನಲ್ಲೂ ಅದೇ, ಮಕ್ಕಳು ಸತ್ತಾಗಲೂ ಅದೇ. ಕೊನೆಗೆ ಗುಡಿಸಿಲಿನ ಬಾಗಿಲು ಹಾಕಿಕೊಂಡು ಬಾರಿಸುತ್ತ ಬಾರಿಸುತ್ತಲೇ ಅವನ ಜೀವ ಹೋಗುತ್ತದೆ.

ನಾನು ಈ ಕಾದಂಬರಿಯನ್ನು ಎಷ್ಟು ಓದಿದರೂ ಒಂದು ಜಾಗದಲ್ಲಿ ತಡೆಯುತ್ತೇನೆ. ಆ ದುಡಿಯ ನಡೆ ಯಾವುದು? ಹಿಗ್ಗಿನಲ್ಲಿ ಬಾರಿಸಿದ್ದಕ್ಕೂ ಅಳುವಿನಲ್ಲಿ ಬಾರಿಸಿದ್ದಕ್ಕೂ ಕೈ ಹೇಗೆ ಬದಲಾಗುತ್ತದೆ? ಅಕ್ಷರ ಅಲ್ಲಿಗೆ ನಿಲ್ಲುತ್ತದೆ. ಕರಾವಳಿಯಲ್ಲಿ ಹುಟ್ಟಿ ಬೆಳೆದವರಿಗೆ ಆ ಸದ್ದು ನೆನಪಿನಲ್ಲಿ ಇದ್ದೀತು. ಬೆಂಗಳೂರಿನ ಓದುಗನಿಗೆ, ಠಾಣೆಯಲ್ಲಿ ಹುಟ್ಟಿದ ನನ್ನ ಮಕ್ಕಳಿಗೆ? 1975ರಲ್ಲಿ ಬಿ.ವಿ. ಕಾರಂತರು ಈ ಕಾದಂಬರಿಯನ್ನು ಸಿನಿಮಾ ಮಾಡಿದರು. ಅದಕ್ಕೆ ವರ್ಷದ ಶ್ರೇಷ್ಠ ಚಿತ್ರವೆಂಬ ಸ್ವರ್ಣಕಮಲ ಬಂತು, ಚೋಮನಾಗಿದ್ದ ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ನಿರ್ದೇಶಕರು ಸ್ವತಃ ರಂಗಸಂಗೀತದ ಮಾಂತ್ರಿಕರು. ಆ ಚಿತ್ರ ನೋಡಿದ ಮೇಲೆ ಪುಸ್ತಕ ತೆರೆದರೆ ಪುಟಗಳು ಬೇರೆಯಾಗಿ ಕಾಣಿಸುತ್ತವೆ. ಮೊದಲು ಕಣ್ಣು ಹಾರಿಸಿಕೊಂಡು ಹೋಗಿದ್ದ ಸಾಲುಗಳ ಹತ್ತಿರ ಈಗ ಕಿವಿ ಕಾಯುತ್ತ ನಿಲ್ಲುತ್ತದೆ.

ದುಡಿಯೊಂದೇ ಅಲ್ಲ. ‘ಮರಳಿ ಮಣ್ಣಿಗೆ’ಯ ನಾಗವೇಣಿಯ ಕೈಯಲ್ಲಿ ಪಿಟೀಲಿದೆ. ಗಂಡನಿಂದ ಸುಖ ಕಾಣದ ಆ ಹೆಣ್ಣುಮಗಳಿಗೆ ಕಡಲಿನ ಮೊರೆತದ ಆ ಮನೆಯಲ್ಲಿ ಪಿಟೀಲಿನ ನಾದವೊಂದು ಆಸರೆ. ಅವಳ ಮಗ ರಾಮನ ಮನಸ್ಸನ್ನು ಹದಮಾಡಿದ್ದರಲ್ಲಿ ಆ ನಾದದ ಪಾಲೂ ಇದೆ. ‘ಮೈಮನಗಳ ಸುಳಿಯಲ್ಲಿ’ಯ ಮಂಜುಳೆ ಬಸರೂರಿನ ಸೂಳೆಗೇರಿಯಲ್ಲಿ ಹುಟ್ಟಿದ ಹೆಣ್ಣು. ಅವಳ ಬಾಳಿನ ಘನತೆಯೆಲ್ಲ ಸಂಗೀತದಲ್ಲಿದೆ. ಮೈಯನ್ನು ಕೊಂಡವರು ಕಥೆಯಲ್ಲಿ ಬಹಳ ಜನ ಬರುತ್ತಾರೆ. ಹಾಡನ್ನು ಕೇಳಬಲ್ಲವರು ಕಡಿಮೆ. ಕೇಳಬಲ್ಲವರನ್ನು ಅವಳು ಮರೆಯುವುದಿಲ್ಲ. ಸಂಗೀತಗಾರರ ಬದುಕನ್ನೇ ಕಥೆಯಾಗಿಸಿದ ಕಾದಂಬರಿಗಳು ನಮ್ಮಲ್ಲಿ ಇವೆ. ಭೈರಪ್ಪನವರ ‘ಮಂದ್ರ’ದ ಮೋಹನಲಾಲ ನಮ್ಮ ಮುಂಬಯಿಯಲ್ಲೇ ಓಡಾಡುತ್ತಾನೆ. ಅದರ ದಾರಿ ಬೇರೆ, ಅಲ್ಲಿ ರಾಗದ ವಿವರ ತುಂಬಿದೆ, ಘರಾನೆಯ ಪಟ್ಟುಗಳಿವೆ. ಕಾರಂತರಲ್ಲಿ ಸಂಗೀತ ಹಿತ್ತಲಿನ ಬಾವಿಕಟ್ಟೆಯ ಹತ್ತಿರ, ಅಡುಗೆಮನೆಯ ಕತ್ತಲಲ್ಲಿ, ಗುಡಿಸಿಲಿನ ಗೋಡೆಯ ಮೇಲೆ ತೂಗಿಕೊಂಡಿರುತ್ತದೆ. ಯಾರೂ ಅದನ್ನು ಸಂಗೀತವೆಂದು ಕರೆಯದೆ ಇರಬಹುದಾದ ಜಾಗಗಳಲ್ಲಿ ಅವರು ಅದನ್ನು ಕಂಡರು.

ಕಾಣದೆ ಇರುವುದು ಅವರಿಂದ ಸಾಧ್ಯವೂ ಇರಲಿಲ್ಲ. 1902ರಲ್ಲಿ ಕೋಟದಲ್ಲಿ ಹುಟ್ಟಿದ ಈ ಮನುಷ್ಯ ಎಳವೆಯಲ್ಲೇ ಬಯಲಾಟದ ಚೆಂಡೆ ಕೇಳಿದವರು. ‘ಮುಕ್ತದ್ವಾರ’, ‘ಕಿಸಾ ಗೌತಮಿ’ಯಂಥ ಗೀತನಾಟಕಗಳನ್ನು ಬರೆದರು. ಪುತ್ತೂರಿನ ಬಾಲವನದಲ್ಲಿ ಮಕ್ಕಳನ್ನು ಕುಣಿಸಿದರು, ತಾವೂ ಕುಣಿದರು. ಆಮೇಲೆ ಯಕ್ಷಗಾನದ ಬೆನ್ನು ಹತ್ತಿ ಹಳ್ಳಿ ಹಳ್ಳಿ ತಿರುಗಿ ಓಲೆಗರಿ, ಹಸ್ತಪ್ರತಿ, ಹಳೆಯ ಭಾಗವತರ ಕಂಠ ಎಲ್ಲವನ್ನೂ ತಡಕಿದರು. ಪ್ರಸಂಗದ ಪ್ರತಿಗಳಲ್ಲಿ ಪ್ರತಿ ಪದ್ಯದ ನೆತ್ತಿಯ ಮೇಲೆ ರಾಗ, ತಾಳದ ಹೆಸರು ಬರೆದಿರುತ್ತಾರೆ. ಹೆಸರು ಉಳಿದು ಹಾಡುವ ಕ್ರಮ ಮರೆತುಹೋದ ರಾಗಗಳು ಅವರನ್ನು ಕಾಡಿದವು. ಆ ಕೆಲಸದ ಫಲ ‘ಯಕ್ಷಗಾನ ಬಯಲಾಟ’. 1959ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ಬಂತು. ನನಗೆ ಇದು ಬಹಳ ಇಷ್ಟವಾದ ಸಂಗತಿ. ‘ಚೋಮನ ದುಡಿ’, ‘ಮರಳಿ ಮಣ್ಣಿಗೆ’, ‘ಬೆಟ್ಟದ ಜೀವ’ ಬರೆದು ಮುಗಿಸಿದ್ದ ಕಾದಂಬರಿಕಾರನಿಗೆ ಅಕಾಡೆಮಿ ಮನ್ನಣೆ ಕೊಟ್ಟಿದ್ದು ಹಾಡು ಕುಣಿತಗಳ ಪುಸ್ತಕಕ್ಕೆ. ಕಾದಂಬರಿಗೆಂದು ದೊಡ್ಡ ಮನ್ನಣೆ ಬರಲು ‘ಮೂಕಜ್ಜಿಯ ಕನಸುಗಳು’ ಮತ್ತು 1977ರ ಜ್ಞಾನಪೀಠ ಬರಬೇಕಾಯಿತು.

ಪುಸ್ತಕ ಬರೆದು ಕೈತೊಳೆದುಕೊಳ್ಳುವ ಜಾಯಮಾನ ಕಾರಂತರದಲ್ಲ. ಯಕ್ಷಗಾನವನ್ನು ಅವರು ಕುಲುಕಿದರು. ರಾತ್ರಿಯಿಡೀ ನಡೆಯುವ ಆಟವನ್ನು ಒಂದೆರಡು ಗಂಟೆಗೆ ಇಳಿಸಿದರು. ಮಾತನ್ನು ತೆಗೆದುಹಾಕಿ ಹಾಡು, ಕುಣಿತ, ಬಣ್ಣಗಳಲ್ಲೇ ಕಥೆ ಸಾಗಿಸಿದರು. ಭಾಗವತರ ಪದ್ಯದ ಜೊತೆಗೆ ಪಿಟೀಲು ತಂದರು, ಸ್ಯಾಕ್ಸೋಫೋನ್ ತಂದರು. ನಾಗವೇಣಿಯ ಕೈಯಲ್ಲಿದ್ದ ಪಿಟೀಲು ಹೀಗೆ ರಂಗದ ಮೇಲಕ್ಕೂ ಬಂತಲ್ಲ ಎಂದು ನನಗೆ ಅನಿಸುತ್ತದೆ. ಇದಕ್ಕೆ ಎದುರಾದ ವಿರೋಧ ಸಣ್ಣದಲ್ಲ. ಮಾತುಗಾರಿಕೆಯೇ ಯಕ್ಷಗಾನದ ಜೀವ ಎಂದು ನಂಬಿದ ಅರ್ಥಧಾರಿಗಳಿಗೆ, ಅವರ ಅಭಿಮಾನಿಗಳಿಗೆ ಇದು ಯಕ್ಷಗಾನವೇ ಅಲ್ಲ ಎನಿಸಿತು. ಅವರ ಮಾತಿನಲ್ಲೂ ಹುರುಳಿತ್ತು. ತಾಳಮದ್ದಲೆ ಕೂತು ಕೇಳಿದ ಯಾರಿಗಾದರೂ ಆ ಮಾತಿನ ರುಚಿ ಗೊತ್ತು, ನನಗೂ ಗೊತ್ತು. ಆದರೆ ಮಾತು ಮುಂದಾಗಿ ಹಾಡು ಹಿಂದಾಗುತ್ತ ಬಂದ ಹೊತ್ತಿನಲ್ಲಿ, ಸಿನಿಮಾದ ಮಟ್ಟುಗಳು ಪದ್ಯದೊಳಕ್ಕೆ ನುಸುಳುತ್ತಿದ್ದ ಹೊತ್ತಿನಲ್ಲಿ, ಪದ್ಯ ಮತ್ತು ಮದ್ದಲೆಗಳನ್ನೇ ನಡುವೆ ನಿಲ್ಲಿಸಿ ಇವನ್ನು ಕೇಳಿ ಎಂದು ಒಬ್ಬರು ಹೇಳಬೇಕಿತ್ತು.

ಹಾಗೆ ಹೇಳಿದವರ ಬೆನ್ನಿಗೆ ನಿಂತವರು ಯಾರು? ನಾನು ಇಷ್ಟು ಹೊತ್ತು ಬಳಸಿ ಬಳಸಿ ಬಂದದ್ದು ಈ ಹೆಸರಿಗೆ: ಕು.ಶಿ. ಹರಿದಾಸ ಭಟ್ಟರು.

ಉಡುಪಿಯ ಕುಂಜಿಬೆಟ್ಟಿನಲ್ಲಿ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿದೆ. ಎಂಜಿಎಂ ಎಂದರೆ ಎಲ್ಲರಿಗೂ ಗೊತ್ತು. ಟಿ.ಎಂ.ಎ. ಪೈಗಳು 1949ರಲ್ಲಿ ಕಟ್ಟಿದ್ದು. ಅಲ್ಲಿ ಹರಿದಾಸ ಭಟ್ಟರು ಪಾಠ ಮಾಡಿದ್ದು ಅರ್ಥಶಾಸ್ತ್ರ, ಮುಂದೆ ಪ್ರಾಂಶುಪಾಲರೂ ಆದರು. ಬರೆದದ್ದು ಸಾಹಿತ್ಯ, ಪ್ರವಾಸ, ಜಾನಪದ. ‘ಉದಯವಾಣಿ’ಯ ‘ಲೋಕಾಭಿರಾಮ’ ಅಂಕಣದಲ್ಲಿ ಅವರ ಮಾತು ಕೇಳಲು ಕಾದಿದ್ದ ಓದುಗರು ಬಹಳ. ನನ್ನ ತವರಿನಲ್ಲಿ ಆ ಅಂಕಣವನ್ನು ಕತ್ತರಿಸಿ ಇಟ್ಟುಕೊಳ್ಳುವ ರೂಢಿಯಿತ್ತು. ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ, ಜನಪದ ರಂಗಕಲೆಗಳ ಪ್ರಾದೇಶಿಕ ಸಂಪನ್ಮೂಲ ಕೇಂದ್ರ, ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಆರು ಸಂಪುಟಗಳಾಗಿ ಬಂದ ತುಳು ನಿಘಂಟು, ಇವುಗಳಲ್ಲಿ ಯಾವುದನ್ನು ಮುಟ್ಟಿದರೂ ಹಿಂದೆ ಅವರ ಕೈ ಕಾಣುತ್ತದೆ. ಅಷ್ಟೆಲ್ಲದರ ನಡುವೆ ನನಗೆ ದೊಡ್ಡದಾಗಿ ಕಾಣುವುದು 1971ರಲ್ಲಿ ಎಂಜಿಎಂ ಕಾಲೇಜಿನ ಆಶ್ರಯದಲ್ಲಿ ಶುರುವಾದ ಯಕ್ಷಗಾನ ಕೇಂದ್ರ.

ಕಾರಂತರಿಗೆ ಕನಸಿತ್ತು, ವಿದ್ಯೆಯಿತ್ತು, ಮುಂಗೋಪವೂ ಇತ್ತು. ಇವು ಮೂರರಿಂದ ಒಂದು ತಂಡ ಕೆಲವು ತಿಂಗಳು ನಡೆದೀತು, ವರ್ಷಗಟ್ಟಲೆ ನಡೆಯಲಾರದು. ಅದಕ್ಕೆ ಸೂರು ಬೇಕು, ಗುರುಗಳಿಗೆ ತಿಂಗಳ ಸಂಬಳ ಬೇಕು, ಹುಡುಗರಿಗೆ ಊಟ ಬೇಕು, ಗೆಜ್ಜೆ ಕಟ್ಟಿ ಕುಣಿಯುವುದನ್ನು ವಿದ್ಯೆಯೆಂದು ಒಪ್ಪುವ ಒಂದು ಸಂಸ್ಥೆ ಬೇಕು. ಹರಿದಾಸ ಭಟ್ಟರು ತಮ್ಮ ಕಾಲೇಜಿನ ನೆರಳನ್ನು ಕೊಟ್ಟದ್ದು ಇದಕ್ಕೆ. ಹಾಡಲು ನೀಲಾವರ ರಾಮಕೃಷ್ಣಯ್ಯ ಬಂದರು, ಮದ್ದಲೆಗೆ ಹಿರಿಯಡಕ ಗೋಪಾಲರಾಯರು ಬಂದರು, ಕುಣಿತಕ್ಕೆ ವೀರಭದ್ರ ನಾಯಕರು ಬಂದರು. ಮಳೆಗಾಲ ಬಂತೆಂದರೆ ಮೇಳ ನಿಂತು, ಅದರ ಜೊತೆಗೆ ಸಂಪಾದನೆಯೂ ನಿಲ್ಲುತ್ತಿದ್ದ ಕಲಾವಿದರ ಪ್ರಪಂಚ ಅದು. ಆ ಪ್ರಪಂಚದಿಂದ ಬಂದವರು ಕಾಲೇಜಿನ ಆವರಣದಲ್ಲಿ ಗುರುಗಳಾಗಿ ಕೂತರು. ಬಿ.ಎ., ಬಿ.ಎಸ್ಸಿ. ಕಲಿಸುವ ಮೇಷ್ಟ್ರುಗಳು ನಡೆದಾಡುವ ಜಾಗದಲ್ಲಿ ಮದ್ದಲೆಗೆ ಕರಣೆ ಮೆತ್ತುವ ಕೈಗೂ ಗೌರವ ಬಂತು.

ಗೋಪಾಲರಾಯರ ವಿಷಯ ಸ್ವಲ್ಪ ಹೇಳಲೇಬೇಕು. 1919ರಲ್ಲಿ ಹುಟ್ಟಿ ನೂರು ದಾಟಿ ಬದುಕಿ 2020ರಲ್ಲಿ ತೀರಿಕೊಂಡರು. ಬಡಗುತಿಟ್ಟಿನ ಹಿಮ್ಮೇಳದಲ್ಲಿ ಏರುಮದ್ದಲೆ ಎಂದರೆ ಅವರ ಹೆಸರು. ತಗ್ಗಿನ ಶ್ರುತಿಯಲ್ಲಿ ನಡೆಯುತ್ತಿದ್ದ ಮದ್ದಲೆಯನ್ನು ಎತ್ತರದ ಶ್ರುತಿಗೆ ಏರಿಸಿ, ಅದರ ನಾದ ಪದ್ಯದ ಜೊತೆ ಬೆರೆಯುವಂತೆ ಮಾಡಿದರು. ಅಮೆರಿಕದಿಂದ ಬಂದ ಮಾರ್ತಾ ಆಶ್ಟನ್ ಎಂಬ ವಿದುಷಿ ಯಕ್ಷಗಾನ ಕಲಿತು, 1977ರಲ್ಲಿ ಅದರ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕ ತಂದರಲ್ಲ, ಅವರಿಗೆ ಕಲಿಸಿದ ಗುರು ಇವರೇ. ಇಂಥ ಒಬ್ಬರ ಬೆರಳಿನ ವಿದ್ಯೆ ಮುಂದಿನ ತಲೆಮಾರಿನ ಬೆರಳಿಗೆ ದಾಟಬೇಕಾದರೆ ಒಂದು ಚಾವಡಿ ಬೇಕು, ಎದುರು ಕೂರುವ ಹುಡುಗರು ಬೇಕು, ದಿನವೂ ನಡೆಯುವ ಪಾಠ ಬೇಕು. ಅದನ್ನು ಒದಗಿಸಿದವರಿಗೆ ಮದ್ದಲೆ ಬಾರಿಸಲು ಬರಬೇಕಾಗಿಲ್ಲ. ಹರಿದಾಸ ಭಟ್ಟರಿಗೆ ಮದ್ದಲೆ ಬಾರಿಸಿ ಹೆಸರು ಮಾಡುವ ಆಸೆ ಇರಲಿಲ್ಲ. ಅವರಿಗೆ ಗೊತ್ತಿದ್ದುದು ಯಾವುದಕ್ಕೆ ಬೆಲೆಯಿದೆ ಎಂಬುದು, ಮತ್ತು ಕಡತಗಳನ್ನು ಹೇಗೆ ಮುಂದೆ ದೂಡಬೇಕೆಂಬುದು. ಇವೆರಡೂ ಒಬ್ಬರಲ್ಲೇ ಕೂಡಿ ಬರುವುದು ಅಪರೂಪ.

ವಿದ್ವಾಂಸರ ಬೆಂಬಲ ಎಂದರೆ ಸಾಮಾನ್ಯವಾಗಿ ಮುನ್ನುಡಿ, ಉದ್ಘಾಟನೆ, ಸಂಸ್ಮರಣ ಸಂಚಿಕೆಗೆ ಒಂದು ಲೇಖನ. ಕಾರಂತರ ಕಾದಂಬರಿಗಳ ಮೇಲೆ ಹರಿದಾಸ ಭಟ್ಟರೂ ಬರೆಯಬಲ್ಲವರಾಗಿದ್ದರು, ಬರೆದರೂ ಹೌದು. ಆದರೆ ಕಾರಂತರನ್ನು ಅವರು ಓದಿದ ರೀತಿಯ ದೊಡ್ಡ ಗುರುತು ಈ ಕೇಂದ್ರ ಎಂದು ನನ್ನ ನಂಬಿಕೆ. ಕಾದಂಬರಿಕಾರನ ಮನಸ್ಸು ಯಾವ ನೀರಿನಿಂದ ಬೆಳೆಯಿತೋ ಆ ನೀರಿನ ಕಣ್ಣು ಬತ್ತದಂತೆ ನೋಡಿಕೊಂಡರು. ಈಗ ಕೇಂದ್ರ ಇಂದ್ರಾಳಿಯಲ್ಲಿದೆ. ಬನ್ನಂಜೆ ಸಂಜೀವ ಸುವರ್ಣರಂಥ ಗುರುಗಳ ಕೈಯಲ್ಲಿ ಅದು ಎಷ್ಟೋ ಮಕ್ಕಳಿಗೆ ತಾಳ ಹಿಡಿಯಲು ಕಲಿಸಿದೆ.

ದೂರದ ಒಂದು ಉದಾಹರಣೆಯೂ ನೆನಪಾಗುತ್ತದೆ. ಇಂಗ್ಲೆಂಡಿನ ಕಾದಂಬರಿಗಾರ್ತಿ ಜೇನ್ ಆಸ್ಟೆನ್ ಬೆಳಗಿನ ಉಪಾಹಾರಕ್ಕೆ ಮೊದಲು ಪಿಯಾನೋ ನುಡಿಸಿ ಅಭ್ಯಾಸ ಮಾಡುತ್ತಿದ್ದಳಂತೆ. ಅವಳು ತನ್ನ ಕೈಯಿಂದಲೇ ನಕಲು ಮಾಡಿಕೊಂಡ ಸ್ವರಲಿಪಿಯ ಪುಸ್ತಕಗಳು ಇವತ್ತಿಗೂ ಉಳಿದಿವೆ. ಕಾದಂಬರಿಗಳ ಮೇಲೆ ಗ್ರಂಥಗಳ ರಾಶಿಯೇ ಬಂದರೂ ಆ ಸ್ವರಗಳ ಕಡೆ ಗಮನ ಹೋದದ್ದು ಕಡಿಮೆ. ಆಸ್ಟ್ರೇಲಿಯದ ಗಿಲಿಯನ್ ಡೂಲಿ ಎಂಬ ಸಾಹಿತ್ಯ ವಿದುಷಿ ಅವುಗಳ ಪಟ್ಟಿ ಮಾಡಿದರು, ಕಛೇರಿಗಳನ್ನು ಏರ್ಪಡಿಸಿದರು, ತಾವೇ ಹಾಡಿದರು. 2024ರಲ್ಲಿ ಅದರ ಮೇಲೆ ಪುಸ್ತಕವನ್ನೂ ತಂದರು. ಆಸ್ಟೆನ್ ಬರೆದ ಹೆಣ್ಣುಮಕ್ಕಳು ಪಿಯಾನೋದ ಮುಂದೆ ಕೂರುವ ಪ್ರಸಂಗಗಳನ್ನು ಓದುವಾಗ, ಆ ಕಾಲದ ಹಾಡೊಂದು ಕಿವಿಯಲ್ಲಿದ್ದರೆ ಅವರ ಸಂಕೋಚ, ಬಿಂಕ, ಬೇಸರ ಎಲ್ಲವೂ ಹತ್ತಿರವಾಗುತ್ತವೆ. ಕುಂಜಿಬೆಟ್ಟಿನಲ್ಲಿ ನಡೆದದ್ದೂ ಇದೇ ಜಾತಿಯ ಕೆಲಸ. ಅಲ್ಲಿ ಉಳಿದದ್ದು ಕಾಗದ, ಇಲ್ಲಿ ಉಳಿಸಬೇಕಾಗಿದ್ದದ್ದು ಜೀವಂತ ಕಂಠ. ಹಾಗಾಗಿ ಇಲ್ಲಿನ ಕೆಲಸ ಹೆಚ್ಚು ಅವಸರದ್ದು, ಹೆಚ್ಚು ಖರ್ಚಿನದು.

ಠಾಣೆಯಲ್ಲಿ ಕೂತು ಇದನ್ನೆಲ್ಲ ಯೋಚಿಸುವುದಕ್ಕೆ ಇನ್ನೊಂದು ಕಾರಣವಿದೆ. ನಮ್ಮ ನೆರೆಯ ಮರಾಠಿ ಮಂದಿ ನವೆಂಬರ್ 5ನ್ನು ಮರಾಠಿ ರಂಗಭೂಮಿ ದಿನವೆಂದು ಆಚರಿಸುತ್ತಾರೆ. ತಲಾವ್‌ಪಾಳಿಯ ಕೆರೆಯ ಹತ್ತಿರದ ಗಡ್ಕರಿ ರಂಗಾಯತನದಲ್ಲಿ ಆ ದಿನ ನಟರಾಜನ ಪೂಜೆಯೂ ನಡೆಯುತ್ತದೆ. 1843ರಲ್ಲಿ ಅದೇ ತಾರೀಕಿನಂದು ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆಯವರ ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. ಅದಕ್ಕೆ ಪ್ರೇರಣೆ ಹೊನ್ನಾವರದ ಕಡೆಯ ಕರ್ಕಿಯಿಂದ ಹೋಗಿ ಸಾಂಗ್ಲಿಯಲ್ಲಿ ಆಡಿದ ಭಾಗವತ ಮೇಳ. ನೋಡಿದ ಸಾಂಗ್ಲಿಯ ದೊರೆ, ಮರಾಠಿಯಲ್ಲೂ ಇಂಥದ್ದೊಂದು ಆಗಲಿ ಎಂದು ಭಾವೆಯವರ ಬೆನ್ನು ತಟ್ಟಿದರು. ಮರಾಠಿ ಸಂಗೀತ ನಾಟಕದ ಬೇರಿನಲ್ಲಿ ನಮ್ಮ ಕರಾವಳಿಯ ಹಾಡಿದೆ. ಇದನ್ನು ನಾನು ನಮ್ಮ ಚಾಳಿನ ಮರಾಠಿ ಹೆಂಗಸರಿಗೆ ಹೇಳಿದ್ದೇನೆ. ಅವರು ಸಂತೋಷದಿಂದ ಕೇಳಿದ್ದಾರೆ. ನಾಟ್ಯಗೀತೆಗಳನ್ನು ಹಾಡಿ ತೋರಿಸಿ, ‘ಇದರಲ್ಲಿ ನಿಮ್ಮದು ಎಲ್ಲಿದೆ ಹೇಳಿ ತಾಯಿ’ ಎಂದಿದ್ದಾರೆ. ಉತ್ತರ ಕೊಡಲು ನನ್ನ ಹತ್ತಿರ ಪುಸ್ತಕವಿತ್ತು, ಹಾಡಿ ತೋರಿಸುವ ಕಂಠವಿರಲಿಲ್ಲ.

ಮುಂಬಯಿ ಕನ್ನಡಿಗರಿಗೆ ಸಾಹಿತ್ಯದ ಬಡತನವಿಲ್ಲ. 1926ರಿಂದ ಮಾಟುಂಗದ ಮೈಸೂರು ಅಸೋಸಿಯೇಷನ್ ಇದೆ, ಮಾಹಿಮ್‌ನಲ್ಲಿ ಕರ್ನಾಟಕ ಸಂಘವಿದೆ, ಕಲೀನಾದಲ್ಲಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ. ಯಕ್ಷಗಾನದ ಬಡತನವೂ ಇಲ್ಲ. ಊರಿನಲ್ಲಿ ಮಳೆ ಹಿಡಿದು ಮೇಳಗಳು ಒಳಗಾದ ಮೇಲೆ ಕಲಾವಿದರು ಇಲ್ಲಿಗೆ ಬರುತ್ತಾರೆ. ಜುಲೈ, ಆಗಸ್ಟಿನಲ್ಲಿ ಒಂದೊಂದು ಭಾನುವಾರ ಎರಡೆರಡು ಸಭಾಗೃಹಗಳಲ್ಲಿ ಆಟ, ತಾಳಮದ್ದಲೆ. ಹೋಟೆಲಿನ ಹುಡುಗರು ಪಾಳಿ ಮುಗಿಸಿ ಲೋಕಲ್ ಹಿಡಿದು ಹೋಗುತ್ತಾರೆ. ಆದರೆ ಸಾಹಿತ್ಯದ ಸಭೆ ಒಂದು ಕಡೆ, ಆಟ ಇನ್ನೊಂದು ಕಡೆ. ಕಾರಂತರ ಮೇಲೆ ವಿಚಾರ ಸಂಕಿರಣವಾದರೆ ವೇದಿಕೆಯ ಮೇಲೆ ಕುರ್ಚಿಗಳು ಸಾಲಾಗಿ ಇರುತ್ತವೆ, ಮದ್ದಲೆ ಇರುವುದಿಲ್ಲ. ಪ್ರಾರ್ಥನೆಗೊಂದು ಹಾಡು ಹೇಳಿಸಿ ಹಾಡಿದವರನ್ನು ಕೆಳಗೆ ಕೂರಿಸುತ್ತೇವೆ. ಆಟದ ಸಭೆಯಲ್ಲಿ ಕಾರಂತರ ಹೆಸರು ಬಂದರೆ ಅದು ಯಾರೋ ಒಬ್ಬರ ಭಾಷಣದ ನಡುವೆ.

ರೋಡ್ ನಂಬರ್ 22ರ ಕಡೆಯ ಒಂದು ಹೋಟೆಲಿನ ಶೆಟ್ಟರು ಕುಂದಾಪುರದ ಕಡೆಯವರು. ಎಳವೆಯಲ್ಲೇ ಮುಂಬಯಿಗೆ ಬಂದು ಗ್ಲಾಸು ತೊಳೆದು ಮೇಲೆ ಬಂದವರು. ಕಾರಂತರ ಪುಸ್ತಕವೊಂದು ನನ್ನ ಕೈಚೀಲದಿಂದ ಇಣುಕುವುದನ್ನು ಕಂಡು ಅವರೇ ಮಾತು ತೆಗೆದರು.

‘ನಾ ಕಾರಂತ್ರ ಪುಸ್ತಕ ಒಂದೂ ಓದಲಿಲ್ಲೆ ಅಕ್ಕ. ಆರೆ ಅವ್ರ್ ಕುಣುದ್ ಕಂಡಿದೆ.’

‘ಹೌದಾ ಶೆಟ್ರೇ? ಹೇಗಿತ್ತು?’

ಅವರು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ನಿಂತರು. ಬಿಳಿ ಕೂದಲಿನ ಮುದುಕ ಕುಣಿಯುವಾಗ ಕಾಲು ನೆಲಕ್ಕೆ ಹೇಗೆ ತಾಗುತ್ತಿತ್ತು ಎಂದು ತೋರಿಸಲು ಒಂದು ಹೆಜ್ಜೆ ಹಾಕಿದರು. ಬಾಯಲ್ಲಿ ತಾಳ ಹೇಳಿದರು. ಮೇಜು ಒರೆಸುತ್ತಿದ್ದ ಹುಡುಗ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ನಿಂತ. ಕಾರಂತರ ಬಗ್ಗೆ ನಾನು ಕೇಳಿದ ಎಷ್ಟೋ ಉಪನ್ಯಾಸಗಳಲ್ಲಿ ಸಿಗದ ಏನೋ ಒಂದು ಆ ಹೆಜ್ಜೆಯಲ್ಲಿತ್ತು. ನಾನು ಓದಿದ ಕಾರಂತರೂ ಅವರು ಕಂಡ ಕಾರಂತರೂ ಒಂದೇ ಸಭೆಯಲ್ಲಿ ಭೇಟಿಯಾಗಬೇಕು ಎಂಬ ಆಸೆ ಆಗ ಹುಟ್ಟಿದ್ದು.

ಅಕ್ಟೋಬರ್ 10 ಕಾರಂತರು ಹುಟ್ಟಿದ ದಿನ. ಆ ಸುಮಾರಿಗೆ ಒಂದು ಭಾನುವಾರ ಸಂಜೆ ವಾಗ್ಳೆ ಎಸ್ಟೇಟಿನಲ್ಲಿಯೇ ಒಂದು ಸಭೆ ಸೇರಿಸಬೇಕೆಂದು ನಾವು ಕೆಲವರು ಮಾತಾಡಿಕೊಂಡಿದ್ದೇವೆ. ಕನ್ನಡ ಕಲಿಸಿ ನಿವೃತ್ತರಾದ ನಮ್ಮ ಮೇಷ್ಟ್ರೊಬ್ಬರು ಬರಲು ಒಪ್ಪಿದ್ದಾರೆ. ಅವರಿಗೆ ನಾನು ಒಂದೇ ಕೇಳಿಕೊಂಡದ್ದು, ನೀವು ಮಾತಾಡುವುದು ಕಡಿಮೆ ಇರಲಿ ಸರ್, ನಿಮ್ಮ ವಿದ್ವತ್ತು ಹಾಡುವವರಿಗೆ ದಾರಿ ಮಾಡಿಕೊಡಲಿ ಎಂದು. ಅವರು ನಕ್ಕು ತಲೆಯಾಡಿಸಿದರು. ಮೊದಲು ‘ಮರಳಿ ಮಣ್ಣಿಗೆ’ಯಿಂದ ಕಡಲಿನ ಭಾಗದ ಓದು, ಅದರ ಬೆನ್ನಿಗೆ ಪಿಟೀಲು, ಮಾತಿಲ್ಲದೆ. ಆಮೇಲೆ ಕಾರಂತರು ರಂಗಕ್ಕೆ ತಂದಿದ್ದ ‘ಅಭಿಮನ್ಯು ವಧೆ’ಯ ಕೆಲವು ಪದ್ಯಗಳು, ಒಬ್ಬ ಭಾಗವತರು, ಒಂದು ಮದ್ದಲೆ, ಅರ್ಥ ಇಲ್ಲದೆ. ‘ಮೈಮನಗಳ ಸುಳಿಯಲ್ಲಿ’ಯ ಹೊತ್ತಿಗೆ ನಮ್ಮ ಚಾಳಿನ ಮರಾಠಿ ಹೆಂಗಸೊಬ್ಬರು ಹಾಡುತ್ತಾರೆ. ಮಂಜುಳೆಯ ಕಥೆಯನ್ನು ಅವರಿಗೆ ನಾನು ಹೇಳಿದಾಗ ಕಣ್ಣೀರು ಒರೆಸಿಕೊಂಡವರು ಅವರು. ‘ಅಳಿದ ಮೇಲೆ’ಯನ್ನೂ ಸೇರಿಸಬೇಕು ಎಂದು ಮೇಷ್ಟ್ರು ಹಟ ಹಿಡಿದಿದ್ದಾರೆ. ರೈಲಿನಲ್ಲಿ ಪರಿಚಯವಾಗಿ, ಮುಂಬಯಿಯಲ್ಲಿ ಒಂಟಿಯಾಗಿ ಬದುಕಿ ತೀರಿಹೋದ ಯಶವಂತರಾಯನ ಕಥೆ ಇಲ್ಲಿನವರಿಗೆ ಹೇಳದಿದ್ದರೆ ಹೇಗೆ ಎಂಬುದು ಅವರ ವಾದ. ಅದರಲ್ಲಿ ಚಿತ್ರಗಳಿವೆ, ಹಾಡಿಲ್ಲ ಎಂದರೂ ಕೇಳಲಿಲ್ಲ. ಸೇರಿಸಿದ್ದೇವೆ.

ಉಳಿದಿರುವುದು ಚೋಮ. ಇಲ್ಲಿ ನನ್ನ ಮನಸ್ಸು ಸಮಾಧಾನವಾಗಿಲ್ಲ. ಯಕ್ಷಗಾನಕ್ಕೆ ಕಾರಂತರು ಸಿಕ್ಕರು, ಹರಿದಾಸ ಭಟ್ಟರು ಸಿಕ್ಕರು, ಕಾಲೇಜು, ಕೇಂದ್ರ, ಗುರುಪೀಠ ಸಿಕ್ಕವು. ಆ ಸಂಪನ್ಮೂಲ ಕೇಂದ್ರದಿಂದ ತುಳುನಾಡಿನ ಬೇರೆ ಬೇರೆ ಜನಪದ ಕಲೆಗಳ ದಾಖಲಾತಿಯೂ ನಡೆಯಿತು, ಅದು ಸಣ್ಣ ಕೆಲಸವಲ್ಲ. ಆದರೂ ಚೋಮನ ಕೈಯ ಆ ಪುಟ್ಟ ಚರ್ಮವಾದ್ಯಕ್ಕೆ ಮದ್ದಲೆಗೆ ಸಿಕ್ಕ ಜಾಗ ಸಿಕ್ಕಿಲ್ಲ. ಕಾದಂಬರಿಯಲ್ಲಿ ಚೋಮ ಸಂಕಪ್ಪಯ್ಯನ ಅಂಗಳದಲ್ಲೇ ನಿಲ್ಲುತ್ತಾನೆ, ಜಗಲಿ ಹತ್ತುವಂತಿಲ್ಲ. ನಮ್ಮ ಸಾಹಿತ್ಯ ಸಭೆಗಳಲ್ಲಿ ‘ಚೋಮನ ದುಡಿ’ ಎಂಬ ಹೆಸರು ಎಷ್ಟು ಸಲ ಜಗಲಿ ಹತ್ತಿದೆ, ದುಡಿ ಎಷ್ಟು ಸಲ ಹತ್ತಿದೆ? ಅಗ್ಗದ ಉಪಾಯ ಒಂದಿದೆ: ಹಿಮ್ಮೇಳದವರ ಕೈಯಲ್ಲೇ ಚೆಂಡೆಯನ್ನೋ ಮದ್ದಲೆಯನ್ನೋ ದುಡಿಯ ಹಾಗೆ ಬಾರಿಸುವುದು. ಸಮಿತಿಯಲ್ಲಿ ಆ ಸಲಹೆ ಬಂತು. ನಾನೂ ಮೇಷ್ಟ್ರೂ ಒಪ್ಪಲಿಲ್ಲ. ಧ್ವನಿಮುದ್ರಣ ಹಾಕೋಣ ಎಂದರು, ಅದಕ್ಕೂ ಒಪ್ಪಲಿಲ್ಲ. ದುಡಿಯನ್ನು ತಲೆಮಾರಿನಿಂದ ಬಾರಿಸಿಕೊಂಡು ಬಂದ ಸಮುದಾಯದವರೇ ಬರಬೇಕು, ಭಾಗವತರು ಕೂರುವ ಮಟ್ಟದಲ್ಲೇ ಕೂರಬೇಕು, ಭಾಗವತರಿಗೆ ಕೊಡುವಷ್ಟೇ ಸಂಭಾವನೆಯನ್ನು ಕವರಿನಲ್ಲಿ ಹಾಕಿ ಕೈಗೆ ಕೊಡಬೇಕು, ಬರುವ ಹೋಗುವ ರೈಲಿನ ಟಿಕೇಟು ನಾವೇ ಮಾಡಿಸಬೇಕು.

ಹಣದ ಲೆಕ್ಕ ಹಾಕಿದೆವು. ಶಾಲು, ಹಾರ, ಸ್ಮರಣಿಕೆ, ಫ್ಲೆಕ್ಸು ಬಿಟ್ಟರೆ ಸಾಕಾಗುತ್ತದೆ. ಊಟದ ಹೊಣೆಯನ್ನು ಶೆಟ್ಟರು ವಹಿಸಿಕೊಂಡಿದ್ದಾರೆ. ಭಾಗವತರು, ಪಿಟೀಲಿನವರು ಗೊತ್ತಾಗಿದ್ದಾರೆ. ದುಡಿಗಾಗಿ ಪುತ್ತೂರು, ಸುಳ್ಯ, ಬೆಳ್ತಂಗಡಿಯ ಕಡೆ ಇರುವ ನಂಟರಿಗೆಲ್ಲ ಫೋನು ಮಾಡುತ್ತಿದ್ದೇನೆ. ಒಬ್ಬರು ಹಿರಿಯರು ಇದ್ದಾರೆ, ವಯಸ್ಸಾಗಿದೆ, ಮಗನೂ ಬಾರಿಸುತ್ತಾನೆ, ಆದರೆ ಅವನು ರಬ್ಬರ್ ತೋಟದ ಕೆಲಸಕ್ಕೆ ರಜೆ ಹಾಕಬೇಕಾಗುತ್ತದೆ ಎಂದು ನಿನ್ನೆ ತಿಳಿಯಿತು. ಆ ರಜೆಯ ದಿನಗಳ ಕೂಲಿಯನ್ನೂ ಲೆಕ್ಕಕ್ಕೆ ಸೇರಿಸಿ, ಅಪ್ಪ ಮಗ ಇಬ್ಬರಿಗೂ ಬರಲು ಹೇಳಿ ಎಂದು ತಿಳಿಸಿದ್ದೇನೆ.